ತಂಪು ಮಾಡಿದ ಕಿತಾಬು

ಫೌಜದಾರ ಉಳವಪ್ಪ ತಟ್ಟೆಯತ್ತ ನೋಡಲೂ ಇಲ್ಲ. ಅದರಲ್ಲಿದ್ದ ಸವಣೂರಿನ ಕುರುಕಲು ಖಾರ ಕಂಡರೆ ಕೈ ತಡೆಯದ ಮನುಷ್ಯ. ಹಿಂದಿನ ದಿನ ಇದೇ ಕುರ್ಚಿಯಲ್ಲಿ ಕುಳಿತು ಕೇಳಿ ಕೇಳಿ ಹಾಕಿಸಿಕೊಂಡು ತಿಂದಿದ್ದ. ಇವತ್ತು ಚಹಾ ಆರಿ ಕೆನೆಗಟ್ಟಿದರೂ ಅವನ ಕೈ ಮೀಸೆ ಬಿಟ್ಟು ಇಳಿಯಲಿಲ್ಲ. ಅಷ್ಟು ಕಂಡೇ ಅಡುಗೆಯ ಹಾಜರಾಬಿ ಇವತ್ತಿನ ಮಾತು ಬೇರೆ ಎಂದು ತಿಳಿದುಕೊಂಡಳು.

"ಬಾಯಾರ, ನಿನ್ನೆ ನೋಡಿದ ಆ ಚುಕ್ಕಿ ಪುಸ್ತಕ ತರ್ರಿ," ಅಂದ ಅವನು. "ಧಾರವಾಡಕ್ಕ ತಾರ ಮಾಡಿದ್ದೆ, ಜವಾಬು ಬಂದೈತಿ. ಸಂಜಿಗೆ ಸಾಹೇಬ್ರ ಮೋಟಾರ ಬರತೈತಿ. ಪುಸ್ತಕ ಅದರಾಗ ಹೋಗಬೇಕು."

ಎಲ್ಸಾಬಾಯಿ ಎದ್ದು ಪಿಯಾನೋದ ಮಗ್ಗುಲಿಗಿದ್ದ ಕಪಾಟಿನ ಬಾಗಿಲು ತೆರೆದಳು. ಹಾಜರಾಬಿ ಅಡುಗೆಮನೆಯ ಹೊಸ್ತಿಲಲ್ಲಿ ಚೌಕಟ್ಟು ಹಿಡಿದು ನಿಂತಳು. ಮೇಲಿನ ಹಲಗೆ ಖಾಲಿಯಾಗಿದೆ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ತೆಗೆದವಳು ಅವಳೇ. ಕಳ್ಳತನದಿಂದಲ್ಲ; ಕೈಕಾಲು ತೊಳೆದು ವಜು ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ಬಿಸ್ಮಿಲ್ಲಾ ಹೇಳಿ ತೆಗೆದಿದ್ದಳು. ಈ ಗಳಿಗೆಯ ತನಕ ಅದನ್ನು ತನ್ನ ಜನ್ಮದ ಒಂದು ಒಳ್ಳೆಯ ಕೆಲಸ ಎಂದೇ ಎಣಿಸಿದ್ದಳು.

"ನಾನು ಇಲ್ಲೇ ಇಟ್ಟೀರಿ," ಅಂದಳು ಎಲ್ಸಾಬಾಯಿ. ಹಲಗೆಯನ್ನು ಕೈಯಿಂದ ಸವರಿದಳು, ಕೆಳಗಿನ ಹಲಗೆ ನೋಡಿದಳು, ಪಿಯಾನೋದ ಹಿಂದೆ ಬಗ್ಗಿದಳು. ಎದ್ದು ನಿಂತಾಗ ಅವಳ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. "ಇಲ್ಲ. ಪುಸ್ತಕ ಇಲ್ಲ."

ಎಲ್ಸಾಬಾಯಿಯ ಕನ್ನಡವೇ ಹಾಗೆ. ಜನ ತನ್ನ ಜೊತೆ ‘ಬಂದೀರಿ, ಉಂಡೀರಿ’ ಎಂದು ಮರ್ಯಾದೆಯಿಂದ ಆಡಿದ್ದನ್ನು ಹಾಗೇ ಹಿಡಿದುಕೊಂಡು, ತನ್ನ ಬಗ್ಗೆಯೂ ಅದೇ ಮರ್ಯಾದೆಯಲ್ಲಿ ಮಾತಾಡುತ್ತಿದ್ದಳು. ತಿದ್ದಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಅವಳು ಈ ಊರಿಗೆ ಬಂದದ್ದು ಆ ಪಿಯಾನೋದ ದೆಸೆಯಿಂದ. ಹತ್ತಿ ವ್ಯಾಪಾರಿ ಶೇಖಸಾಬ ಧಾರವಾಡದಲ್ಲಿ ಯಾವನೋ ಬಿಳಿಯ ಸಾಹೇಬನ ಬಂಗಲೆಯ ಲಿಲಾವಿನಲ್ಲಿ ಅದನ್ನು ಕೂಗಿ ಕೊಂಡುಬಿಟ್ಟಿದ್ದ. ಚಕ್ಕಡಿಯ ಮೇಲೆ ಕರಿ ಪೆಟ್ಟಿಗೆ ಬರುವುದನ್ನು ಕಂಡು, ಇದ್ಯಾರ ಶವವೋ ಎಂದು ಬಜಾರದ ಮಂದಿ ದಾರಿ ಬಿಟ್ಟು ನಿಂತರಂತೆ. ತಂದಾಯಿತು, ಬಾರಿಸುವವರು ಯಾರು? ಮಗಳು ಜನ್ನತಬಿಗೆ ಕಲಿಸಲು ಮುಂಬಯಿಯ ದಲಾಲಿ ಒಬ್ಬಳನ್ನು ಹುಡುಕಿ ಕಳಿಸಿದ. ತನ್ನ ದೇಶವನ್ನು ನುಂಗಿದ ಜರ್ಮನಿಯ ಸರಕಾರಕ್ಕೆ ಹೆದರಿ ವಿಯೆನ್ನಾ ಬಿಟ್ಟು ಹಡಗು ಹತ್ತಿ ಓಡಿಬಂದ ಯಹೂದಿ ಹೆಂಗಸು ಅವಳು. ಈಗ ನಲವತ್ತನೆಯ ಇಸವಿಯ ಬೇಸಿಗೆ ಮುಗಿಯುತ್ತಿತ್ತು, ಯುದ್ಧ ಬಿರುಸಾಗಿತ್ತು. ಕೈಯಲ್ಲಿ ಜರ್ಮನ್ ಪಾಸ್‌ಪೋರ್ಟ್ ಇದ್ದವರೆಲ್ಲ ಇಲ್ಲಿನ ಸರಕಾರಕ್ಕೆ ವೈರಿಗಳು. ಜರ್ಮನರಿಗೆ ಹೆದರಿ ಓಡಿಬಂದವರೂ ವೈರಿಗಳೇ. ಸರಕಾರದ ತಲೆಗೆ ಯಾವ ಎಣ್ಣೆ ಹಚ್ಚಿದರೂ ಇದು ತಿಳಿಯುವಂತಿರಲಿಲ್ಲ.

ಆ ಪುಸ್ತಕವೋ, ನೂರಾ ಮೂವತ್ತು ವರ್ಷದ ಹಿಂದೆ ವಿಯೆನ್ನಾದಲ್ಲಿ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ್ದು. ಒಂದು ಕಂಚೆರ್ಟೊ. ಅಂದರೆ ಒಂದು ಕಡೆ ಪಿಯಾನೋ, ಇನ್ನೊಂದು ಕಡೆ ಪಿಟೀಲು, ಕೊಳಲು, ಕಹಳೆಗಳ ದೊಡ್ಡ ಮೇಳ. ಇಬ್ಬರೂ ಮಾತಿಗೆ ಮಾತು ಕೊಡುತ್ತ ಹೋಗುವ ಸಂಗೀತ. ಆ ಸಂಗೀತ ಕಟ್ಟಿದವನು ಬದುಕಿದ್ದಾಗಲೇ ಅಚ್ಚಾದ ಪ್ರತಿ, ಎಲ್ಸಾಬಾಯಿಯ ಮುತ್ತಜ್ಜನ ಕಾಲದಿಂದ ಮನೆಯಲ್ಲಿದ್ದದ್ದು.

ಹಾಜರಾಬಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಅವಳು ಆ ಮನೆಯ ಅಡುಗೆ, ಕೀಲಿಕೈ ಎರಡನ್ನೂ ನೋಡಿಕೊಳ್ಳುವವಳು, ಅಕ್ಷರ ಬಾರದವಳು. ಜನ್ನತಬಿಗೆ ಕಲಿಸುವಾಗ ಎಲ್ಸಾಬಾಯಿ ಬೇರೆ ಹೊಸ ಪುಸ್ತಕಗಳನ್ನು ತೆರೆಯುತ್ತಿದ್ದಳು. ಈ ಹಳೆಯದನ್ನು ಪಿಯಾನೋದ ಮೇಲೆ ಇಟ್ಟದ್ದನ್ನು ಹಾಜರಾಬಿ ಒಮ್ಮೆಯೂ ನೋಡಿರಲಿಲ್ಲ. ಬೆಳಿಗ್ಗೆ ಎಲ್ಸಾಬಾಯಿ ಎದ್ದು ಕೈ ತೊಳೆದು, ಹಸಿರು ರೇಷ್ಮೆ ಬಟ್ಟೆ ಬಿಚ್ಚಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆಯದೆ ಓದುವಳು. ತುಟಿ ಮಾತ್ರ ಅಲುಗುವವು. ಮುಗಿದ ಮೇಲೆ ಮೊದಲ ಹಾಳೆಗೆ ಮುತ್ತಿಟ್ಟು ಮತ್ತೆ ಸುತ್ತಿ ಎತ್ತರದ ಹಲಗೆಗೆ ಏರಿಸುವಳು. ನೆಲಕ್ಕೆ ಸೋಕಿಸುತ್ತಿರಲಿಲ್ಲ. ಉಂಡ ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಹಾಜರಾಬಿಯ ಅಪ್ಪ ಕುರಾನ್ ಓದುತ್ತಿದ್ದದ್ದು ಅಕ್ಷರಶಃ ಹೀಗೆಯೇ. ಅದು ಅವಳ ಧರ್ಮದ ಕಿತಾಬು ಎಂಬುದರಲ್ಲಿ ಹಾಜರಾಬಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಯಾಕೆ ಬರಬೇಕು?

ನಿನ್ನೆ ಉಳವಪ್ಪ ಅದನ್ನು ಮೇಜಿನ ಮೇಲೆ ಕೆಡವಿಕೊಂಡಿದ್ದ. ಎಲೆಯಡಿಕೆ ಮೆಲ್ಲುತ್ತ, ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಹಾಳೆ ತಿರುವಿದ. ಕೆಂಪು ಎಂಜಲು! ಹಾಜರಾಬಿಯ ಕೈ ಅವನ ಕೆನ್ನೆಗೆ ಹೋಗುವುದೊಂದು ಬಾಕಿ. ಐದೈದು ಗೆರೆ, ಗೆರೆಯ ತುಂಬ ಚುಕ್ಕಿ, ಚುಕ್ಕಿಯ ಮೇಲೆ ಸೀಸದ ಕಡ್ಡಿಯಲ್ಲಿ ಬರೆದ ಸಣ್ಣ ಅಂಕಿ. "ಒಂದರಿಂದ ಐದರ ತನಕ ಅಷ್ಟ ಅದಾವ ನೋಡ್ರಿ ಶೇಖಸಾಬ್ರ," ಎಂದಿದ್ದ. "ಆರಿಲ್ಲ, ಏಳಿಲ್ಲ. ಇದು ಲೆಕ್ಕ ಅಲ್ಲ. ಇದು ಗುಪ್ತ ಬರವಣಿಗಿ." ಮೇಲಿನವರ ಅಪ್ಪಣೆ ಬರುವ ತನಕ ಒಯ್ಯುವಂತಿಲ್ಲವೆಂದು ಬಿಟ್ಟು ಹೋದ. ಅವನು ಹೋದ ಮೇಲೆ ಎಲ್ಸಾಬಾಯಿ ಹಾಳೆಯ ಕಲೆ ಒರೆಸುತ್ತ ಅತ್ತಳು. "ಇದು ಅವರ ಕೈಗೆ ಹೋಗಬಾರದು, ಖಾಲಾ," ಅಂದಳು ಹಾಜರಾಬಿಗೆ; ಅವಳನ್ನು ಚಿಕ್ಕಮ್ಮನೆಂದೇ ಕರೆಯುತ್ತಿದ್ದಳು. ಅತ್ತು ಅತ್ತು ತಲೆಶೂಲೆ ಬಂದು ಮಲಗಿದವಳು ಇವತ್ತು ಫೌಜದಾರ ಬರುವ ತನಕ ಏಳಲಿಲ್ಲ.

ಹಾಜರಾಬಿಗೆ ಅಷ್ಟು ಸಾಕಾಗಿತ್ತು. ಹಾಳೆಗಳು ಹೇಗೂ ಹುಳ ತಿಂದು ಜೀರ್ಣವಾಗಿದ್ದವು. ಇಂಥ ಕಿತಾಬನ್ನು ಸವಣೂರಿನ ಮುಸಲ್ಮಾನರು ಕಸಕ್ಕೆ ಹಾಕುವುದಿಲ್ಲ, ಒಲೆಗೆ ಹಾಕುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ, ಕಲ್ಲಿನ ಭಾರ ಕೊಟ್ಟು, ದುವಾ ಮಾಡಿ ಹಳೆಯ ಮಸೂತಿಯ ಹಿಂದಿನ ಮೆಟ್ಟಿಲುಬಾವಿಗೆ, ಬಾವಡಿಗೆ, ಇಳಿಬಿಡುತ್ತಾರೆ. ತಂಪು ಮಾಡುವುದು ಎನ್ನುತ್ತಾರೆ ಅದಕ್ಕೆ. ಕಚೇರಿಯಲ್ಲಿ ಬೂಟುಗಾಲಿನವರ ನಡುವೆ ಬಿದ್ದಿರುವುದಕ್ಕಿಂತ ಇದು ಎಷ್ಟೋ ಮೇಲು. ಎಲ್ಸಾಬಾಯಿಯನ್ನು ಎಬ್ಬಿಸಿ ಕೇಳುವ ಮನಸ್ಸಾಗಲಿಲ್ಲ. ಸಾವಿನ ಮನೆಯಲ್ಲಿ ಅಳುವವರನ್ನು ಕೇಳುತ್ತ ಕೂಡುತ್ತಾರೆಯೇ, ಹಿರಿಯರು ಮುಂದೆ ನಿಂತು ಮಾಡಿ ಮುಗಿಸುತ್ತಾರೆ. ಸಂಜೆಯ ಹೊತ್ತಿಗೆ ಅವಳು ಹೋಗಿ ಮುಗಿಸಿ ಬಂದಿದ್ದಳು. ಎಲ್ಸಾಬಾಯಿಗೆ ನಿಧಾನವಾಗಿ ತಿಳಿಸಿದರಾಯಿತು ಎಂದುಕೊಂಡಿದ್ದಳು.

"ಇಲ್ಲ ಅಂದ್ರ ಏನ್ ಅರ್ಥ?" ಉಳವಪ್ಪನ ದನಿ ಏರಿತು. "ನಿನ್ನಿ ಇದ್ದದ್ದು ಇವತ್ತ ಇಲ್ಲ? ಸುಟ್ಟೀರೇನು?"

ಎಲ್ಸಾಬಾಯಿ ಬೆಚ್ಚಿಬಿದ್ದಳು. "ಸುಡೋದು? ನಾನು?" ಎಂದಳು, ನಗುವೋ ಅಳುವೋ ತಿಳಿಯದ ದನಿಯಲ್ಲಿ.

"ಪುಸ್ತಕ ಕೊಟ್ಟಿದ್ರ ಅದರಾಗ ಏನೈತಿ ಅಂತ ನೋಡ್ತಿದ್ರು. ಈಗ ಪುರಾವಾ ನಾಶ ಮಾಡೀರಿ ಅಂತ ಆತು. ಬೇಡಿ ಹಾಕಿ ಜೇಲಿಗೆ ಒಯ್ಬೇಕಾಗತೈತಿ ಬಾಯಾರ, ನಾ ಹೇಳೋದು ಹೇಳೇನಿ. ಶೇಖಸಾಬ್ರ, ಮನಿ ನಿಮ್ಮದು. ನಿಮ್ಮ ಹೆಸರೂ ಬರತೈತಿ."

ಲಿಲಾವಿನಲ್ಲಿ ಎದೆ ಉಬ್ಬಿಸಿ ಕೂಗಿದ್ದ ಶೇಖಸಾಬ ಈಗ ತನ್ನ ಕುರ್ಚಿಯನ್ನು ಗೋಡೆಯತ್ತ ಸರಿಸಿಕೊಂಡ. ಪರದೆಯ ಹಿಂದಿನಿಂದ ಜನ್ನತಬಿ ಹೊರಗೆ ಬಂದಳು. ಹದಿನಾರರ ಹುಡುಗಿ, ಹಟಮಾರಿ. "ಬಾಯಾರದ್ದು ಏನೂ ತಪ್ಪಿಲ್ರಿ. ನಾನ ತಗದೇನಿ. ಹರದು ಒಗದೇನಿ," ಅಂದಳು.

"ಎಲ್ಲಿ ಒಗದೀ?"

ಹುಡುಗಿ ತಡವರಿಸಿದಳು. ಸುಳ್ಳೆಂದು ಗೋಡೆಗೂ ತಿಳಿಯುವಂತಿತ್ತು. ಉಳವಪ್ಪ ಎದ್ದು ನಿಂತ. "ಹಂಗಾರ ಈ ಹುಡುಗಿನೂ ಕಚೇರಿಗೆ ಬರಬೇಕಾಗತೈತಿ."

ಹಾಜರಾಬಿ ಎರಡೂ ಕಡೆ ತೂಗಿ ನೋಡಿದಳು. ಬಾಯಿ ಬಿಟ್ಟರೆ ಪೊಲೀಸರು ಬಾವಡಿಗೆ ನುಗ್ಗುತ್ತಾರೆ. ಎಷ್ಟು ಮನೆಗಳ, ಎಷ್ಟು ಕಾಲದ ಕುರಾನಿನ ಹಾಳೆಗಳು ಅಲ್ಲಿ ತಣ್ಣಗೆ ಮಲಗಿವೆ. ಬಿಡದಿದ್ದರೆ ಈ ಇಬ್ಬರು ಹೆಣ್ಣುಮಕ್ಕಳು ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಅವಳು ಹೊಸ್ತಿಲು ದಾಟಿದಳು.

"ಅಕೀನ ಬಿಡ್ರಿ. ಕಿತಾಬ ತಗದಾಕಿ ನಾ," ಅಂದಳು. "ಬಾವಡ್ಯಾಗ ತಂಪ ಮಾಡೇನಿ."

ಎಲ್ಸಾಬಾಯಿಗೆ ತಂಪು ಎಂಬ ಮಾತು ಗೊತ್ತಿತ್ತು, ಇಲ್ಲಿ ಅದರ ಅರ್ಥವಾಗಲಿಲ್ಲ. ಜನ್ನತಬಿ ಅವಳ ಕಿವಿಯಲ್ಲಿ ಬಿಡಿಸಿ ಹೇಳಿದಳು. ಎಲ್ಸಾಬಾಯಿ ಮೆಲ್ಲಗೆ ಪಿಯಾನೋದ ಮುಂದಿನ ಪೀಠದ ಮೇಲೆ ಕುಸಿದಳು. ಹಾಜರಾಬಿಯತ್ತ ನೋಡಿದಳು, ಬೈಯಲಿಲ್ಲ. ಒಂದು ಮಾತು ಬೈದಿದ್ದರೆ ಹಾಜರಾಬಿಗೆ ಎಷ್ಟೋ ಹಗುರವಾಗುತ್ತಿತ್ತು.

"ಚಲೋ ಕತಿ ಕಟ್ಟೀರಿ," ಅಂದ ಉಳವಪ್ಪ. "ನಡ್ರಿ. ತಗದು ತೋರಸ್ರಿ. ಸಿಗಲಿಲ್ಲಂದ್ರ ನಿಮ್ಮನ್ನೂ ಸೇರಿಸಿ ಒಯ್ತೇನಿ."

ಬಾವಡಿ ಎಲೆಬಳ್ಳಿಯ ತೋಟದ ಅಂಚಿಗಿತ್ತು. ಅದರ ನೀರನ್ನು ಯಾರೂ ಸೇದುವುದಿಲ್ಲ. ಬೇಸಿಗೆಗೆ ನೀರು ಕೆಳಗಿಳಿದು ಪಾಚಿ ಹಿಡಿದ ಮೆಟ್ಟಿಲುಗಳು ಎದ್ದು ಕಾಣುತ್ತಿದ್ದವು. ಕೊನೆಯ ಮೆಟ್ಟಿಲಿನ ಆಚೆಗೆ ಮಾತ್ರ ಆಳು ಮುಳುಗುವಷ್ಟು ಆಳ. ಮಟಮಟ ಮಧ್ಯಾಹ್ನ. ಉಳವಪ್ಪನ ಪೇದೆ ದಾರಿಯ ಮನೆಯೊಂದರಿಂದ ಪಾತಾಳಗರಡಿ ಇಸಿದುಕೊಂಡು ಬಂದಿದ್ದ. ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಹಗ್ಗ ಬಿಚ್ಚಿ ಇಳಿಸಲು ಹೊರಟ.

ಹಾಜರಾಬಿ ಅವನ ಮುಂದೆ ಕೈ ಅಡ್ಡ ಚಾಚಿ ನಿಂತಳು. "ಅದನ್ನ ಇಳಸಬ್ಯಾಡ್ರಿ. ಇದರಾಗ ಬರೇ ಬಾಯಾರ ಕಿತಾಬ ಇಲ್ಲ. ನಮ್ಮ ಕುರಾನಿನ ಕಲಾಮ ಐತಿ. ನಮ್ಮಪ್ಪ ಓದಿದ್ದೂ ಐತಿ. ಕೊಕ್ಕಿ ಹಾಕಿ ಹರೀತೀರೇನು? ಹಾಕೂದಿದ್ರ ಮೊದಲ ನನ್ನ ಮೈಗೆ ಹಾಕ್ರಿ."

"ಅತ್ತ ಸರಿ ಮುದುಕಿ!" ಎಂದ ಪೇದೆ.

ಉಳವಪ್ಪ ಹಿರೇಕೆರೂರಿನ ಕಡೆಯ ಲಿಂಗವಂತ. ಪೋಷಾಕಿನ ಒಳಗೆ ಎದೆಯ ಮೇಲೆ ಲಿಂಗದ ಕರಡಿಗೆ ಕಟ್ಟಿಕೊಂಡ ಮನುಷ್ಯ. ಅವನ ಕೈ ತಾನಾಗಿಯೇ ಅಂಗಿಯ ಮೇಲಿನಿಂದ ಆ ಕರಡಿಗೆಯನ್ನು ಮುಟ್ಟಿತು. "ಗರಡಿ ಮ್ಯಾಲ ಇಡೋ," ಅಂದ ಪೇದೆಗೆ. "ಮತ್ತ ಹ್ಯಾಂಗ ತಗೀತೀರಿ?"

"ನಾ ಇಳೀತೇನಿ."

ಹಾಜರಾಬಿ ವರದಾ ನದಿಯ ದಂಡೆಯ ಹಳ್ಳಿಯಲ್ಲಿ ಹುಟ್ಟಿದವಳು. ಹುಡುಗಿಯಾಗಿದ್ದಾಗ ಈಜಿದ್ದಳು, ಮದುವೆಯಾದ ಮೇಲೆ ಮೊಣಕಾಲು ತೊಯ್ಯುವ ನೀರಿಗೂ ಇಳಿದವಳಲ್ಲ. ಸೆರಗು ಸೊಂಟಕ್ಕೆ ಬಿಗಿದು ಮೆಟ್ಟಿಲಿಳಿದಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಬಾವಿಯಲ್ಲಿ ಹುಡುಕುವವರೆಲ್ಲ ಕಾಲಿನಿಂದ ತಡಕುತ್ತಾರೆ. ಅವಳು ಕಾಲು ಇಡುವಂತಿರಲಿಲ್ಲ. ಪವಿತ್ರ ಹಾಳೆಯ ಮೇಲೆ ಪಾದ ಬಿದ್ದರೆ ಆ ಪಾಪ ಯಾವ ನೀರಿಗೂ ಹೋಗುವಂಥದ್ದಲ್ಲ. ಮೂಗು ಹಿಡಿದು, ತಲೆ ಕೆಳಗೆ ಮಾಡಿ ಮುಳುಗಿದಳು.

ಮೇಲೆ ನಿಂತವರಿಗೆ ಗುಳ್ಳೆಗಳಷ್ಟೇ ಕಂಡವು. ಅವಳು ಬರಿಗೈಯಲ್ಲಿ ಎದ್ದಳು, ಕೆಮ್ಮಿದಳು, ಮತ್ತೆ ಮುಳುಗಿದಳು. ಕತ್ತಲೆ, ಕೆಸರು. ಬೆರಳಿಗೆ ಒಂದು ಗಂಟು ಸಿಕ್ಕಿತು, ಎಳೆದಳು. ಬಟ್ಟೆ ಕೈಯಲ್ಲೇ ಕರಗಿ ಬಿಚ್ಚಿಕೊಂಡಿತು. ಅದು ಇನ್ನಾರದೋ. ತೋಬಾ ತೋಬಾ ಎಂದು ಮನಸ್ಸಿನಲ್ಲೇ ಅನ್ನುತ್ತ ಅದನ್ನು ಮೆಲ್ಲಗೆ ಇದ್ದಲ್ಲೇ ಮಲಗಿಸಿದಳು. ಎದೆ ಒಡೆಯುವಂತಾಗಿ ಮೇಲೆ ಬಂದಾಗ ಎಲ್ಸಾಬಾಯಿ ಕೊನೆಯ ಮೆಟ್ಟಿಲ ತನಕ ಇಳಿದು ಬಂದಿದ್ದಳು. "ಸಾಕು ಖಾಲಾ! ಬರ್ರಿ! ಪುಸ್ತಕ ಬ್ಯಾಡ! ನಾನು ಜೇಲಿಗೆ ಹೋಗ್ತೀರಿ!" ಎಂದು ಕೂಗುತ್ತಿದ್ದಳು. ಆ ಮಾತಿಗೇ ಹಾಜರಾಬಿ ಮತ್ತೆ ಮುಳುಗಿದಳು. ಈ ಸಲ ತಾನು ಬದುಕಿ ಬರುವುದು ಅನುಮಾನ ಅನ್ನಿಸಿತು, ಹೆದರಿಕೆಯೂ ಆಯಿತು. ಗೋಡೆಯ ಬುಡದ ಸಂದಿಯಲ್ಲಿ ಗಟ್ಟಿ ರೇಷ್ಮೆ ಬೆರಳಿಗೆ ತಾಕಿತು. ಗಂಟು ತನ್ನದೇ, ಎರಡು ಸುತ್ತು ಹಾಕಿ ಬಿಗಿದದ್ದು.

ಜನ್ನತಬಿಯೂ ಎಲ್ಸಾಬಾಯಿಯೂ ಅವಳ ರಟ್ಟೆ ಹಿಡಿದು ಎಳೆದುಕೊಂಡರು. ಅವಳು ಕಲ್ಲಿನ ಮೇಲೆ ಕೂತು ನೀರು ಕಾರಿದಳು. ಗಂಟು ಮಾತ್ರ ನೆಲಕ್ಕೆ ಮುಟ್ಟದಂತೆ ಎತ್ತಿ ಹಿಡಿದಿದ್ದಳು.

ಮನೆಗೆ ಬಂದು ಪಿಯಾನೋದ ಮುಚ್ಚಳದ ಮೇಲೆ ಗಂಟು ಬಿಚ್ಚಿದರು. ರಟ್ಟು ಉಬ್ಬಿ ಕಿತ್ತುಬಂತು. ಹಾಳೆ ಹರಿಯಲಿಲ್ಲ, ತೊಯ್ದ ಪಂಜೆಯಂತೆ ಬಳುಕಿತು. ಮಸಿ ಒಂದಿಷ್ಟೂ ಹರಡಿರಲಿಲ್ಲ. "ಹಳೆ ಕಾಗದ," ಅಂದಳು ಎಲ್ಸಾಬಾಯಿ, ಹಾಳೆಯ ಅಂಚು ಸವರುತ್ತ. "ಹಳೆ ಬಟ್ಟೆ ಕುಟ್ಟಿ ಮಾಡಿದ್ದು. ಈಗಿನದ್ದು ಆಗಿದ್ರೆ ಹೋಗ್ತಿತ್ತು." ಉಳವಪ್ಪನ ಎಂಜಲ ಕಲೆ ಮಾತ್ರ ಇರಲಿಲ್ಲ. ಬಾವಡಿ ಅದೊಂದನ್ನು ತೊಳೆದು ಕಳಿಸಿತ್ತು.

"ಪುಸ್ತಕ ಸಿಕ್ತು. ಇನ್ನ ಅಂಕಿ ಏನು ಅಂತ ಹೇಳ್ರಿ," ಅಂದ ಉಳವಪ್ಪ.

ಎಲ್ಸಾಬಾಯಿ ಹೆಬ್ಬೆರಳು ಎತ್ತಿದಳು. "ಒಂದು." ಕಿರುಬೆರಳು ಎತ್ತಿದಳು. "ಐದು. ಯಾವ ಚುಕ್ಕಿಗೆ ಯಾವ ಬೆರಳು. ನನ್ನ ಅಜ್ಜ ಬರೆದದ್ದು. ಕೈಗೆ ಐದೇ ಬೆರಳು, ಆರು ಎಲ್ಲಿಂದ ತರ್ತೀರಿ?"

ಉಳವಪ್ಪ ಪೆದ್ದನಲ್ಲ. ಬಾಯಿಮಾತು ನಂಬಲಿಲ್ಲ. ಹಾಳೆಯ ನಡುವೆ ಒಂದು ಸಾಲಿಗೆ ಬೆರಳಿಟ್ಟು, "ಇದನ್ನ ಬಾರಸ್ರಿ," ಅಂದ. ಬಾರಿಸಿದಳು. ಇನ್ನೊಂದು ಹಾಳೆ, ಮತ್ತೊಂದು ಹಾಳೆ ತೋರಿಸಿದ. ಆಮೇಲೆ ಸದ್ದಿಲ್ಲದೆ ಮೊದಲಿನ ಸಾಲಿಗೇ ಮರಳಿ ಬೆರಳಿಟ್ಟ. ಭಜನೆಯಲ್ಲಿ ತಾಳ ಹಾಕುವವನು ಅವನು, ಕಿವಿ ಚುರುಕು. ಅದೇ ರಾಗ, ಅದೇ ಓಟ ಮತ್ತೆ ಎದ್ದು ಬಂತು. ಅವನ ಹುಬ್ಬಿನ ಗಂಟು ಸಡಿಲವಾಯಿತು. "ಹಂಗ ಮುಂದ ಹೋಗ್ರಿ," ಅಂದ.

ಎಲ್ಸಾಬಾಯಿ ಮುಂದೆ ಹೋದಳು. ಹಾಜರಾಬಿ ತೊಯ್ದ ಸೀರೆಯಲ್ಲೇ ನಿಂತು ಕೇಳಿದಳು. ಕೇಳುತ್ತ ಕೇಳುತ್ತ ಅವಳಿಗೆ ಗೊತ್ತಾಯಿತು, ತಾನು ನೀರಿಗೆ ಬಿಟ್ಟದ್ದು ಏನನ್ನು ಎಂದು. ಇದು ಮುಗಿದುಹೋದ ಕಿತಾಬಲ್ಲ. ಅಷ್ಟರಲ್ಲಿ ಎಲ್ಸಾಬಾಯಿ ತಟ್ಟನೆ ನಿಂತು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಯಾಕ ನಿಂತ್ರಿ?" ಉಳವಪ್ಪನ ದನಿಯಲ್ಲಿ ಹಳೆಯ ಅನುಮಾನ ಮರಳಿತು. "ಮರತೀರೇನು? ಮುಂದ ಯಾಕ ಬರವಲ್ಲದು?"

"ಇಲ್ಲಿ ಉಳಿದವರು ಬಾರಿಸಬೇಕು," ಅಂದಳು ಅವಳು. "ಪಿಟೀಲು, ಕೊಳಲು. ಒಬ್ಬೊಬ್ಬರಿಗೆ ಬೇರೆ ಬೇರೆ ಪುಸ್ತಕ ಇದ್ವು. ಎಲ್ಲಾ ಮನೆಯಲ್ಲಿ ಇದ್ವು. ಅವನ್ನ ರಸ್ತೆಯಲ್ಲಿ ಹಾಕಿ ಸುಟ್ರು. ಪಿಯಾನೋದ್ದು ಇದೊಂದು ನನ್ನ ಕೋಟಿನ ಒಳಗೆ ಇತ್ತು." ಅವಳು ಖಾಲಿ ಗೋಡೆಯತ್ತ ನೋಡುತ್ತ ಮೇಳದ ಸರದಿ ಮುಗಿಯುವ ತನಕ ಕಾದಳು, ಆಮೇಲೆ ಮತ್ತೆ ಕೈ ಎತ್ತಿ ಬಾರಿಸಿದಳು. ಶೇಖಸಾಬ ಕಣ್ಣೊರೆಸಿಕೊಂಡ. ಉಳವಪ್ಪ ಕುರ್ಚಿಯಲ್ಲಿ ಕುಳಿತು ತಣ್ಣಗಾದ ಚಹಾ ಎತ್ತಿ ಕುಡಿದ.

"ಜೇಲು ಇಲ್ಲ ಬಾಯಾರ," ಅಂದ. ಎಲ್ಲರ ಮುಖ ಅರಳುವ ಮೊದಲೇ ಕಿಸೆಯಿಂದ ಒಂದು ಕಾಗದ ತೆಗೆದ. "ಆದ್ರ ಹೋಗೋದು ತಪ್ಪಂಗಿಲ್ಲ. ಜರ್ಮನಿ ಪಾಸ್‌ಪೋರ್ಟಿನ ಹೆಣ್ಮಕ್ಕಳೆಲ್ಲಾ ಸಾತಾರದಾಗ ಪಹರೇದಾಗ ಇರಬೇಕಂತ. ಯುದ್ಧ ಮುಗಿಯೂತನಕ. ಸಂಜಿ ಮೋಟಾರ ನಿಮಗ ಅಂತನ ಬರೂದು. ಬೇಡಿ ಹಾಕಿ ಒಯ್ಯೂದೋ, ಹಂಗ ಒಯ್ಯೂದೋ, ಅದಷ್ಟ ಪುಸ್ತಕದ ಮ್ಯಾಲಿತ್ತು." ಅವನು ನೆಲ ನೋಡುತ್ತ ಮುಂದುವರಿಸಿದ. "ಜರ್ಮನಿ ಬರಹ ಇರೋ ಪುಸ್ತಕ ಯಾವುದೂ ಕೂಡ ಒಯ್ಯಂಗಿಲ್ಲ. ಧಾರವಾಡದಾಗ ಕಸಗೋತಾರ. ದೇವರ ಪುಸ್ತಕ ಒಂದು ಬಿಟ್ಟು."

ಎಲ್ಸಾಬಾಯಿ ಪಿಯಾನೋ ಮುಚ್ಚಿದಳು. ಆಮೇಲೆ ತೊಯ್ದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಹಸಿರು ಬಟ್ಟೆಯಲ್ಲಿ ಕಟ್ಟಿ, ಹಾಜರಾಬಿಯ ಕೈ ಹಿಡಿದು ಅದರಲ್ಲಿಟ್ಟಳು.

"ಮತ್ತೆ ಅಲ್ಲೇ ಬಿಡ್ರಿ ಖಾಲಾ. ನಮ್ಮೂರಲ್ಲಿ ಸುಡುವಾಗ ಜನ ನಿಂತು ನಕ್ಕರು. ನೀವು ಕೈ ತೊಳೆದು ದುವಾ ಮಾಡಿ ನೀರಿಗೆ ಕೊಟ್ರಿ. ಅವರ ಕೈಗೆ ಬ್ಯಾಡ. ಅಲ್ಲೇ ಇರಲಿ."

ಹಾಜರಾಬಿಗೆ ಅಳು ಉಕ್ಕಿ ಬಂತು. ಗಂಟನ್ನು ಎದೆಗವಚಿಕೊಂಡು ಕೇಳಿದಳು: "ಇದನ್ನ ಓದಾಕ ಬರೋರು ಇನ್ನ ಯಾರರ ಅದಾರೇನು?"

"ಇಲ್ಲಿ? ನಾನೊಬ್ಬಾಕಿ ಇದ್ದೀರಿ."

"ಹಂಗಾರ ಆಗಂಗಿಲ್ಲ." ಹಾಜರಾಬಿ ಗಂಟನ್ನು ಅವಳ ಮಡಿಲಿಗೆ ತಿರುಗಿ ಇಟ್ಟುಬಿಟ್ಟಳು. ಬಾಯಾರ, ಬರ್ರಿ, ಹೋಗ್ರಿ ಎಲ್ಲ ಮರೆತುಹೋಯಿತು. ಮಗಳಿಗೆ ಆಡುವಂತೆ ಆಡಿದಳು. "ಓದಾಕಿ ಜೀವಂತ ಇದ್ದಾಗ ಕಿತಾಬ ತಂಪ ಮಾಡಬಾರದು. ನಿನ್ನಿ ತಿಳೀದ ಮಾಡೇನಿ, ಅಲ್ಲಾ ಮಾಫ ಮಾಡಲಿ. ತಿಳದು ಮಾಡಂಗಿಲ್ಲ. ನಿನ್ನ ಕಿತಾಬ ನೀ ತಗೊಂಡ ಹೋಗು."

ಉಳವಪ್ಪ ಸಾಮಾನಿನ ಯಾದಿ ಬರೆಯಲು ಕುಳಿತಿದ್ದ. ಸೀರೆ, ಬೂಟು, ಕನ್ನಡಕ ಎಲ್ಲ ಬರೆದು ಆಯಿತು. ಗಂಟಿನ ಹತ್ತಿರ ಬಂದು ಲೇಖಣಿ ನಿಂತಿತು. ಚುಕ್ಕಿ ಪುಸ್ತಕ ಎಂದು ಬರೆದರೆ ಧಾರವಾಡದಲ್ಲಿ ಇನ್ನೊಬ್ಬ ಫೌಜದಾರ, ಇನ್ನೊಂದು ಎಂಜಲು ಬೆರಳು. ಅವನು ತಲೆ ಎತ್ತಿ ಹಾಜರಾಬಿಯನ್ನು ನೋಡಿದ.

"ಇದಕ್ಕ ಏನಂತ ಬರೀಲಿ ಹಾಜರಾಬಿ?"

"ನಿನ್ನಿ ನಾ ಏನ ಅಂತ ತಿಳದಿದ್ನಲ್ಲ, ಅದನ್ನ ಬರೀರಿ."

ಅವನು ಸ್ವಲ್ಪ ಹೊತ್ತು ಮೀಸೆ ತಿರುವಿದ. ನಂತರ ಬಗ್ಗಿ ಒತ್ತೊತ್ತಿ ಬರೆದ: ಧರ್ಮಗ್ರಂಥ, ಒಂದು. ಕೆಳಗೆ ತನ್ನ ಸಹಿ ಹಾಕಿ ಸರಕಾರಿ ಮೊಹರು ಗುದ್ದಿದ.

ಸಂಜೆ ಮೋಟಾರು ಬಂತು. ಧಾರವಾಡದ ಸಾಹೇಬ ಯಾದಿ ಓದಿದ, ಗಂಟು ನೋಡಿದ, ಟೋಪಿ ಸರಿಮಾಡಿಕೊಂಡು ಮೋಟಾರಿನ ಬಾಗಿಲು ತೆರೆದ. ಎಲ್ಸಾಬಾಯಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮೋಟಾರು ಶಿಗ್ಗಾವಿಯ ದಾರಿ ಹಿಡಿಯಿತು. ಗಂಟಿನಿಂದ ಬಾವಡಿಯ ನೀರು ಇನ್ನೂ ಬಸಿದು ಸಾಹೇಬರ ಸೀಟು ತೊಯ್ಯುತ್ತಿತ್ತು. ಅದನ್ನು ಕೆಳಗಿಡು ಎಂದು ಯಾರೂ ಅನ್ನಲಿಲ್ಲ.